ಎಲೆ ಮಾತ್ರ ಬಿಡುತ್ತಿದ್ದ ಮಧುಮಾಲತಿ: ಮೈಸೂರಿನ ಒಂದು ಮನೆಯ ಪ್ರಕರಣ

2022ರ ಜೂನ್ ಮೊದಲ ವಾರ ಟೀಚರಮ್ಮ ಒಬ್ಬರು ನಮ್ಮ ನರ್ಸರಿಗೆ ಬಂದು ಮಧುಮಾಲತಿ ಗಿಡ ಕೇಳಿದರು. ಕವರಿನಲ್ಲಿದ್ದ ಒಂದು ಸಸಿ ಎತ್ತಿ ಕೊಡುವಷ್ಟರಲ್ಲಿ, "ಇದು ಹೆಣ್ಣು ಗಿಡ ತಾನೇ?" ಅಂದರು. ಅವರ ಮನೆ ಗೇಟಿನ ಮೇಲೆ ಆಗಲೇ ಒಂದು ಬಳ್ಳಿ ಇದೆಯಂತೆ. ವರ್ಷಗಟ್ಟಲೆ ಮೈತುಂಬ ಹೂ ಬಿಟ್ಟಿದ್ದು, ಈಗ ಮೂರು ವರ್ಷದಿಂದ ಬರೀ ಎಲೆ. ಅದು ಗಂಡಾಗಿಬಿಟ್ಟಿದೆ, ಕಿತ್ತು ಹಾಕಿ ಹೆಣ್ಣು ಗಿಡ ತನ್ನಿ ಅಂತ ಯಾರೋ ಹೇಳಿದ್ದಾರೆ.

ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ ಇರುತ್ತವೆ. ಈ ಬಳ್ಳಿಯಲ್ಲಿ ಹಾಗಿಲ್ಲ, ಒಂದೇ ಹೂವಿನಲ್ಲಿ ಎರಡೂ ಇರುತ್ತವೆ. ಅಷ್ಟು ಹೇಳಿ ಸಸಿ ಮಾರಿ ಕಳಿಸಬಹುದಿತ್ತು. ವ್ಯಾಪಾರಕ್ಕೆ ಅದೇ ಸರಿ. ಆದರೆ ಚೆನ್ನಾಗಿ ಹೂ ಬಿಡುತ್ತಿದ್ದ ಬಳ್ಳಿ ಹೂ ನಿಲ್ಲಿಸಿದೆ ಅಂದರೆ, ಅದೇ ಗುಂಡಿಯಲ್ಲಿ ನೆಟ್ಟ ಹೊಸ ಗಿಡವೂ ಅದೇ ದಾರಿ ಹಿಡಿಯುತ್ತೆ ಅಲ್ವಾ? ಎರಡು ವರ್ಷ ಆದ ಮೇಲೆ ಅವರು ನನ್ನನ್ನೇ ಬೈಯುತ್ತಾರೆ. "ಒಂದು ಸಲ ಬಂದು ನೋಡುತ್ತೇನೆ ಅಮ್ಮ, ಆಮೇಲೆ ಸಸಿ ಕೊಡೋಣ" ಅಂದೆ.

ಆ ಒಂದು ಸಲ ಎರಡೂವರೆ ವರ್ಷ ನಡೆಯಿತು. ನಡುವೆ ನಾನೂ ತಪ್ಪು ಮಾಡಿದೆ. ಹೂ ಬಿಡದ ಬಳ್ಳಿ ಇಟ್ಟುಕೊಂಡಿರುವ ಬೇರೆಯವರಿಗೆ ಉಪಯೋಗವಾಗಲಿ ಅಂತ ಅವರ ಒಪ್ಪಿಗೆ ಕೇಳಿ ಬರೆಯುತ್ತಿದ್ದೇನೆ. ಗುರುತು ಸಿಗದಿರಲಿ ಎಂದು ಮನೆಯ ಮತ್ತು ಮನೆಯವರ ವಿವರ ಒಂದೆರಡು ಬದಲಿಸಿದ್ದೇನೆ. ಗಿಡಕ್ಕೆ ಸಂಬಂಧಪಟ್ಟಿದ್ದು ಯಾವುದನ್ನೂ ಬದಲಿಸಿಲ್ಲ.

ಬಳ್ಳಿ ಮತ್ತು ಮನೆ

ಮೊದಲು ಹೆಸರು. ನರ್ಸರಿಗೆ ಬರುವವರಲ್ಲಿ ಅರ್ಧ ಜನ ಮಧುಮಾಲತಿ ಅಂತಾರೆ, ಇನ್ನರ್ಧ ರಂಗೂನ್ ಬಳ್ಳಿ ಅಂತಾರೆ. ಮಾಧವಿ ಬಳ್ಳಿ ಎನ್ನುವವರೂ ಇದ್ದಾರೆ, ಅದು ಮಾತ್ರ ತಪ್ಪು. ಕಾಳಿದಾಸನ ಶಕುಂತಲೆಯ ಕಥೆಯಲ್ಲಿ ಬರುವ ಮಾಧವಿ ಬೇರೆ ಜಾತಿಯ ಬಳ್ಳಿ. ರಂಗೂನ್ ಬಳ್ಳಿಯ ಶಾಸ್ತ್ರೀಯ ಹೆಸರು ಈಗ ಕಾಂಬ್ರೆಟಂ ಇಂಡಿಕಂ. ಹಳೆಯ ಪುಸ್ತಕಗಳಲ್ಲಿ ಕ್ವಿಸ್ಕ್ವಾಲಿಸ್ ಇಂಡಿಕಾ ಎಂದಿರುತ್ತದೆ. ನಮ್ಮ ಮತ್ತಿ, ತಾರೆ, ಅಳಲೆ ಮರಗಳು ಇದರ ಕುಟುಂಬದವೇ.

ಕ್ವಿಸ್ ಕ್ವಾಲಿಸ್ ಅಂದರೆ ಲ್ಯಾಟಿನ್‌ನಲ್ಲಿ "ಯಾರು? ಎಂಥದ್ದು?" ಎಂದರ್ಥ. 17ನೇ ಶತಮಾನದಲ್ಲಿ ಇಂಡೋನೇಷ್ಯಾದ ಅಂಬೋನ್ ದ್ವೀಪದಲ್ಲಿದ್ದ ರಂಫಿಯಸ್ ಎಂಬ ಸಸ್ಯಶಾಸ್ತ್ರಜ್ಞ ಇಟ್ಟ ಹೆಸರು. ಈ ಗಿಡ ಮೊದಲು ಪೊದೆಯ ಹಾಗೆ ನೆಟ್ಟಗೆ ಬೆಳೆಯುತ್ತದೆ. ಕೆಲವು ತಿಂಗಳಾದ ಮೇಲೆ ಏನೋ ನೆನಪಾದ ಹಾಗೆ ಉದ್ದುದ್ದ ಕುಡಿ ಚಾಚಿ ಹಬ್ಬಲು ಶುರು ಮಾಡುತ್ತದೆ. ಹೊಸದಾಗಿ ನೆಟ್ಟವರು "ನೀವು ಬಳ್ಳಿ ಅಂದ್ರಿ, ಇದು ಗಿಡ ಕಣ್ರೀ" ಅಂತ ನನ್ನ ಹತ್ತಿರ ಜಗಳಕ್ಕೆ ಬಂದಿದ್ದಾರೆ. ರಂಫಿಯಸ್‌ಗೂ ಹಾಗೇ ಆಗಿರಬೇಕು.

ಟೀಚರಮ್ಮನ ಮನೆ ಹಳೇ ಬಡಾವಣೆಯೊಂದರಲ್ಲಿದೆ. ಮಹಡಿ ಮನೆ, ಪೂರ್ವಕ್ಕೆ ಗೇಟು, ಎದುರಿಗೆ ಹದಿನೈದು ಅಡಿಯ ಗಲ್ಲಿ. ಗೇಟಿನ ಮೇಲೆ ಎಂಟಡಿ ಎತ್ತರದ ಕಬ್ಬಿಣದ ಕಮಾನು. ಅದರ ಬಲಗಡೆ ಕಾಂಪೌಂಡಿಗೆ ತಾಗಿದ ಹಾಗೆ ಕರೆಂಟ್ ಕಂಬ. 2010ರಲ್ಲಿ ತವರಿನಿಂದ ತಂದ ಒಂದು ಕಡ್ಡಿಯನ್ನು ಕಮಾನಿನ ಬುಡದಲ್ಲಿ ನೆಟ್ಟಿದ್ದರು. 2012ರಿಂದ 2018ರ ತನಕ ಯಾವ ವರ್ಷವೂ ಹೂವಿಗೆ ಕೊರತೆ ಇರಲಿಲ್ಲ. ಯುಗಾದಿ ಕಳೆದ ಮೇಲೆ ಶುರುವಾದರೆ ದೀಪಾವಳಿ ತನಕ ಬಿಡುತ್ತಿತ್ತಂತೆ.

ಟೀಚರಮ್ಮನಿಗೆ ಒಂದು ಅಭ್ಯಾಸವಿತ್ತು. ಸಂಜೆ ದೀಪ ಹಚ್ಚಿ ಗೇಟಿನ ಹತ್ತಿರ ಬಂದು ನಿಲ್ಲುವುದು. ಈ ಹೂ ಅರಳುವುದು ಮುಸ್ಸಂಜೆಗೆ. ಬೆರಳುದ್ದದ ತೆಳ್ಳನೆ ಕೊಳವೆ, ತುದಿಯಲ್ಲಿ ಐದು ಎಸಳು. ಅರಳಿದಾಗ ಅಚ್ಚ ಬಿಳಿ. ಮರುದಿನ ಗುಲಾಬಿ, ಅದರ ಮರುದಿನ ಕಡುಕೆಂಪು. ಹಾಗಾಗಿ ಒಂದೇ ಗೊಂಚಲಿನಲ್ಲಿ ಮೂರು ಬಣ್ಣ ಒಟ್ಟಿಗೆ ಕಾಣುತ್ತವೆ. ಬಿಳಿ ಬಣ್ಣವೂ ಪರಿಮಳವೂ ರಾತ್ರಿ ಬರುವ ಉದ್ದ ನಾಲಿಗೆಯ ಪತಂಗಗಳಿಗಾಗಿ. ಬೆಳಗಾದ ಮೇಲೆ ಬಣ್ಣ ತಿರುಗಿದ ಹೂಗಳಿಗೆ ಜೇನು, ಸೂರಕ್ಕಿ ಬರುತ್ತವೆ. "ಇವತ್ತಿಂದು, ನಿನ್ನೇದು, ಮೊನ್ನೇದು ಅಂತ ಮೂರು ತರಗತಿ ಇದ್ದ ಹಾಗೆ" ಅಂದರು ಟೀಚರಮ್ಮ. ಮೂವತ್ತು ವರ್ಷ ಪಾಠ ಮಾಡಿದವರು.

2019ರಲ್ಲಿ ಹೂ ತೀರಾ ಕಡಿಮೆಯಾಯಿತು. 2020ರಿಂದ ಒಂದೂ ಇಲ್ಲ.

ನಾನು ಹೋಗುವ ಮೊದಲು ಮಾಡಿದ್ದು

ಹೂ ಕಡಿಮೆಯಾದ ಕೂಡಲೇ ಎಲ್ಲರೂ ಮಾಡುವುದನ್ನೇ ಅವರೂ ಮಾಡಿದರು. ಗೊಬ್ಬರ ಹಾಕಿದರು. ಹದಿನೈದು ದಿನಕ್ಕೊಮ್ಮೆ ಸಗಣಿ ಬಗ್ಗಡ, ತಿಂಗಳಿಗೊಮ್ಮೆ ಒಂದು ಹಿಡಿ ಯೂರಿಯಾ, ದಿನಾ ಅಕ್ಕಿ ತೊಳೆದ ನೀರು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅದು ಎಲೆಗೆ ಹೋಗುವ ಊಟ. ಬಳ್ಳಿ ಕಪ್ಪಗೆ ಹಸಿರಾಗಿ, ಒಂದೊಂದು ಎಲೆ ಅಂಗೈಗಿಂತ ದೊಡ್ಡದಾಗಿ, ಕಮಾನು ಕಾಣದ ಹಾಗೆ ಬೆಳೆಯಿತು. ನೋಡಿದವರೆಲ್ಲ "ಏನ್ ಚೆನ್ನಾಗಿದೆ ನಿಮ್ಮ ಬಳ್ಳಿ" ಅಂದರು. ಅದೇ ಟೀಚರಮ್ಮನಿಗೆ ಜಾಸ್ತಿ ಉರಿ.

ಆಮೇಲೆ ಮೊಬೈಲ್ ನೋಡಿ ಎಪ್ಸಮ್ ಸಾಲ್ಟ್ ಹಾಕಿದರು. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಹಾಕಿದರು. 2021ರ ಏಪ್ರಿಲ್‌ನಲ್ಲಿ ಯಾರೋ "ನೀರು ನಿಲ್ಲಿಸಿ, ಬಾಯಾರಿದರೆ ಹೂ ಬಿಡುತ್ತೆ" ಅಂದರಂತೆ. ಕಾಗದದ ಹೂವಿಗೆ ಆ ಉಪಾಯ ನಡೆಯುತ್ತದೆ. ಇದಕ್ಕೆ ನಡೆಯಲಿಲ್ಲ. ಎಲೆ ಹಳದಿಯಾಗಿ ಉದುರಿ, ಮಳೆ ಬಂದ ಮೇಲೆ ಮತ್ತೆ ಎಲೆಯೇ ಬಂತು. ಕೊನೆಗೆ ಉಳಿದದ್ದು ಗಂಡು, ಹೆಣ್ಣು ಕಥೆ.

ಯಜಮಾನರಿಗೆ ಇದು ಸಾಕಾಗಿತ್ತು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. "ಹೂ ಇಲ್ಲ, ಕಸ ಮಾತ್ರ ಇದೆ. ಕಡಿದು ಹಾಕಿ ಒಂದು ಶೀಟ್ ಹಾಕಿಸೋಣ" ಅಂತ ಅವರ ವಾದ. ಪಕ್ಕದ ಮನೆಯವರದ್ದು ಬೇರೆ ದೂರು: ಈ ಬಳ್ಳಿಯ ವಾಸನೆಗೆ ಹಾವು ಬರುತ್ತದೆ. ಹೂವೇ ಇಲ್ಲದ ಬಳ್ಳಿಗೆ ಎಲ್ಲಿಯ ವಾಸನೆ ಅಂತ ಯಾರೂ ಕೇಳಿರಲಿಲ್ಲ. ಹಾವು ಬಂದರೆ ಬುಡದ ಕಸದಲ್ಲಿರುವ ಇಲಿ, ಕಪ್ಪೆಗೆ ಬರುತ್ತದೆ. ಬುಡ ಗುಡಿಸಿಟ್ಟರೆ ಅರ್ಧ ಭಯ ಹೋಗುತ್ತೆ.

ನನ್ನ ಮೊದಲ ತೀರ್ಮಾನ

ಗಲ್ಲಿಗೆ ಕಾಲಿಟ್ಟ ಕೂಡಲೇ ನನಗೆ ಉತ್ತರ ಸಿಕ್ಕಿತು ಅನ್ನಿಸಿತು. ಎದುರಿಗೆ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಯಾವಾಗ ಕಟ್ಟಿದ್ದು ಅಂದೆ. 2018ರ ಕೊನೆಗೆ ಶುರುವಾಗಿ 2019ರಲ್ಲಿ ಮುಗಿದದ್ದು. ಹೂ ತೀರಾ ಕಡಿಮೆಯಾದ ವರ್ಷವೂ ಅದೇ. ಇನ್ನೇನು ಬೇಕು?

ಆದರೂ ಅಳತೆ ಮಾಡೋಣ ಅಂದೆ. ಯಜಮಾನರಿಗೆ ಆ ಕೆಲಸ ಇಷ್ಟವಾಯಿತು. ಮೋಡ ಇಲ್ಲದ ಒಂದು ಭಾನುವಾರ ಅರ್ಧ ಗಂಟೆಗೊಮ್ಮೆ ಹೋಗಿ, ಕಮಾನಿನ ಮೇಲೆ ಬಿಸಿಲು ಬಿದ್ದಿದೆಯೋ ಇಲ್ಲವೋ ಬರೆದಿಟ್ಟರು. ಹಳೇ ಡೈರಿಯಲ್ಲಿ ಗೆರೆ ಹಾಕಿ, ಮೂರು ಕಲಂ ಮಾಡಿ, ಕೆಳಗೆ ಸಹಿ ಒಂದು ಇರಲಿಲ್ಲ ಅಷ್ಟೇ. ಬಿಸಿಲು ಬಂದದ್ದು ಹನ್ನೊಂದಕ್ಕೆ. ಎರಡು ಗಂಟೆಗೆ ಮುಂಚೆ ಅವರ ಮನೆಯದೇ ನೆರಳು ಬಿತ್ತು. ಹೆಚ್ಚೆಂದರೆ ಮೂರು ಗಂಟೆ. ಈ ಬಳ್ಳಿ ಚೆನ್ನಾಗಿ ಹೂ ಬಿಡಬೇಕಾದರೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು.

ನನ್ನ ಸಲಹೆ ಎರಡು. ಯೂರಿಯಾ, ಬಗ್ಗಡ ಪೂರ್ತಿ ನಿಲ್ಲಿಸಿ. ಬಳ್ಳಿಯಿಂದ ಒಂದು ಮರಿ ಮಾಡಿ ತಾರಸಿಗೆ ಒಯ್ಯೋಣ, ಅಲ್ಲಿ ದಿನವಿಡೀ ಬಿಸಿಲಿದೆ. ಕೆಳಗಿನ ಹಳೇ ಬಳ್ಳಿಯ ಆಸೆ ಬಿಡಿ.

ಜುಲೈನಲ್ಲಿ ಬುಡದ ಒಂದು ಕೊಂಬೆ ಬಗ್ಗಿಸಿ, ಸಿಪ್ಪೆ ಸ್ವಲ್ಪ ಕೆತ್ತಿ, ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲಿಟ್ಟೆ. ಮಳೆಗಾಲದಲ್ಲಿ ಬೇರು ಬರುವುದು ಖಂಡಿತ, ಆದರೆ ಎರಡು ಮೂರು ತಿಂಗಳು ಕಾಯಬೇಕು. ನಾನು ಕಾಯಲಿಲ್ಲ. ಟೀಚರಮ್ಮ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಆರನೇ ವಾರಕ್ಕೆ ಕತ್ತರಿಸಿ ತೆಗೆದೆ. ನಾಲ್ಕೈದು ಬಿಳಿ ಬೇರು, ನೂಲಿನ ಹಾಗೆ. ಸಾಕು ಅಂದುಕೊಂಡು ಅರ್ಧ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ನೆಟ್ಟು ತಾರಸಿಯ ಮುಂಭಾಗದಲ್ಲಿ ಇಟ್ಟೆವು. ಚಳಿಗಾಲ ಹೇಗೋ ಕಳೆಯಿತು. ಮಾರ್ಚ್ ಬಿಸಿಲಿಗೆ ಡ್ರಮ್ಮಿನ ಗೋಡೆ ಮುಟ್ಟಲಾಗದಷ್ಟು ಕಾಯುತ್ತಿತ್ತು. 2023ರ ಏಪ್ರಿಲ್ ಎರಡನೇ ವಾರ ಫೋನ್ ಬಂತು. "ಒಣಗೋಯ್ತು ಕಣಪ್ಪ" ಅಂದರು. ಆ ದನಿಯಲ್ಲಿ ಬೈಗುಳ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ಟ್ಯಾಂಕಿನ ಹಿಂದೆ

ಸತ್ತ ಗಿಡ ನೋಡಲು ಹೋದೆ. ಡ್ರಮ್ಮಿನ ಮಣ್ಣು ತೆಗೆದು ಬೇರು ನೋಡಿದೆ, ಸುರುಳಿಯಾಗಿ ಒಣಗಿತ್ತು. ಕೈ ತೊಳೆಯಲು ನೀರಿನ ಟ್ಯಾಂಕಿನ ಹಿಂದಿನ ನಲ್ಲಿಗೆ ಹೋದೆ. ಅಲ್ಲಿ ಪ್ಯಾರಾಪೆಟ್ ಮೇಲೆ ಮಲಗಿದ ಹಾಗೆ ಒಂದು ಕೊಂಬೆ. ಅದರ ತುದಿಯಲ್ಲಿ ಆರು ಗೊಂಚಲು. ಬಿಳಿ, ಗುಲಾಬಿ, ಕೆಂಪು.

ಯಾರೂ ನೆಟ್ಟದ್ದಲ್ಲ. ಗೇಟಿನ ಕಮಾನಿನಿಂದ ಒಂದು ಕುಡಿ ಪೋರ್ಟಿಕೋ ಸಜ್ಜಾದ ಮೇಲೆ ಹರಿದು, ಮಳೆನೀರಿನ ಪೈಪ್ ಹಿಡಿದು, ಮಹಡಿ ದಾಟಿ ಟ್ಯಾಂಕಿನ ಹಿಂದೆ ಬಂದು ಕೂತಿತ್ತು. ಬೆರಳು ಗಾತ್ರ ಆಗಿತ್ತು. ಈ ಬಳ್ಳಿಗೆ ಗೋಡೆಗೆ ಅಂಟುವ ಬೇರು ಇಲ್ಲ, ಬಟಾಣಿ ಬಳ್ಳಿಯ ಹಾಗೆ ಸುತ್ತುವ ತಂತು ಕೂಡ ಇಲ್ಲ. ಎಲೆ ಉದುರಿದಾಗ ಎಲೆಯ ತೊಟ್ಟು ಪೂರ್ತಿ ಬೀಳದೆ ಕೊಂಬೆಯಲ್ಲೇ ಉಳಿದು ಗಟ್ಟಿ ಮುಳ್ಳಾಗುತ್ತದೆ. ಆ ಕೊಕ್ಕೆಗಳನ್ನು ಸಿಕ್ಕಿಸಿಕೊಂಡು ಮೇಲೆ ಹೋಗುತ್ತದೆ. ಕೊಂಬೆ ಎತ್ತಿ ನೋಡುವಾಗ ನನ್ನ ಮುಂಗೈಯಲ್ಲಿ ಮೂರು ಗೆರೆ ಎಳೆಯಿತು.

ಟೀಚರಮ್ಮನನ್ನು ಕೂಗಿದೆ. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದು, "ಇಲ್ಲಿ ಬಿಟ್ಟುಕೊಂಡು ಕೂತಿದೆಯಾ ನೀನು" ಅಂದರು. ನನಗಲ್ಲ, ಬಳ್ಳಿಗೆ.

ನನ್ನ ಕಣ್ಣು ಬಿದ್ದದ್ದು ಬೇರೊಂದರ ಮೇಲೆ. ಹೊಸ ಗೊಂಚಲಿನ ಹಿಂದೆ, ಹಳೇ ಕೊಂಬೆಯಲ್ಲಿ ಒಣಗಿದ ಹೂದಂಟುಗಳಿದ್ದವು. ಹಿಡಿದರೆ ಪಟಕ್ಕನೆ ಮುರಿಯುವಂಥವು. ಅಂದರೆ ಇದು ಹಿಂದಿನ ವರ್ಷವೂ ಹೂ ಬಿಟ್ಟಿದೆ. ಹಿಂದಿನ ವರ್ಷ ಜೂನ್ ತನಕ ಬುಡಕ್ಕೆ ಯೂರಿಯಾ ಬೀಳುತ್ತಿತ್ತು. ಬೇರು ಒಂದೇ, ಮಣ್ಣು ಒಂದೇ, ಗೊಬ್ಬರವೂ ಒಂದೇ. ಹಾಗಾದರೆ ಹೂ ನಿಂತಿದ್ದಕ್ಕೆ ಮಣ್ಣು, ಗೊಬ್ಬರ ಮುಖ್ಯ ಕಾರಣ ಆಗಿರಲಾರದು. ಮೂರು ವರ್ಷ ಬುಡದಲ್ಲಿ ಮಾಡಿದ ಪ್ರಯೋಗಗಳೆಲ್ಲ ಬುಡದಲ್ಲಿಲ್ಲದ ಕಾಯಿಲೆಗೆ ಕೊಟ್ಟ ಔಷಧಿ.

ಬಿಸಿಲು ಎಂಬ ನನ್ನ ಕಾರಣ ಗಟ್ಟಿಯಾಯಿತು ಅಂದುಕೊಂಡು ಕೆಳಗೆ ಬಂದೆ. ಕಾಫಿ ಕುಡಿಯುವಾಗ ಯಜಮಾನರು ಒಂದು ಮಾತು ಹೇಳಿದರು. "ಮಾಲಿ ಕಣ್ಣಿಗೆ ಬಿದ್ದಿಲ್ಲ ನೋಡಿ, ಬಿದ್ದಿದ್ದರೆ ಅದನ್ನೂ ಬೋಳಿಸಿರುತ್ತಿದ್ದ."

ಬೋಳಿಸುವುದು ಅಂದರೆ? ಯಾವಾಗ? ಇಷ್ಟು ದಿನ ನಾನು ಕೇಳದಿದ್ದ ಪ್ರಶ್ನೆ ಅದು. ಡೈರಿ ಬಂತು. 2019ರಿಂದ ವರ್ಷಕ್ಕೆರಡು ಕಟಾವು. ಮೊದಲನೆಯದು ಏಪ್ರಿಲ್ ಕೊನೆಗೆ. ಮಳೆಗಾಲಕ್ಕೆ ಮುಂಚೆ ತಂತಿ ಹತ್ತಿರದ ಕೊಂಬೆ ಕಡಿಯಲು ಲೈನ್‌ಮನ್ ಬರುತ್ತಾರೆ. ಬಳ್ಳಿ ಆ ವರ್ಷವೇ ತಂತಿ ಮುಟ್ಟಿತ್ತು. ತಂತಿಯ ಹತ್ತಿರ ಮಾತ್ರ ಕಡಿದರೆ ಚೆನ್ನಾಗಿ ಕಾಣಲ್ಲ ಅಂತ ಮಾಲಿ ಇಡೀ ಕಮಾನನ್ನೇ ಸಮ ಮಾಡುತ್ತಿದ್ದ. ಎರಡನೆಯದು ದಸರಾಕ್ಕೆ ಎರಡು ವಾರ ಮುಂಚೆ. ಮೈಸೂರಿನಲ್ಲಿ ದಸರಾ ಅಂದರೆ ಮನೆಗೆ ನೆಂಟರು. ಸುಣ್ಣ ಬಣ್ಣ, ಗೇಟಿಗೆ ಪೇಂಟು, ಬಳ್ಳಿಗೆ ಕಟಿಂಗು.

ಈ ಬಳ್ಳಿ ಹೂ ಬಿಡುವುದು ಹೊಸದಾಗಿ ಬೆಳೆದ ಕುಡಿಗಳ ತುದಿಯಲ್ಲಿ. ಏಪ್ರಿಲ್‌ನಲ್ಲಿ ಮೊದಲ ಮಳೆಗೆ ಬಂದ ಕುಡಿ ಕತ್ತರಿಗೆ ಹೋಯಿತು. ಮತ್ತೆ ಕುಡಿ ಬಂದು, ಆ ಅರೆ ನೆರಳಿನಲ್ಲಿ ನಿಧಾನವಾಗಿ ಬಲಿತು, ಮೊಗ್ಗು ಕಟ್ಟುವ ಹೊತ್ತಿಗೆ ದಸರಾ ಬಂತು. ವರ್ಷಾ ವರ್ಷ ಇದೇ ಕಥೆ.

ಎರಡು ಕಾರಣ ಒಂದೇ ವರ್ಷ ಬಂದಿದ್ದವು. ಕಟ್ಟಡ ಮೂರಂತಸ್ತಿನದು, ಎಲ್ಲರಿಗೂ ಕಂಡಿತು. ಕತ್ತರಿ ಮಾಲಿಯ ಚೀಲದಲ್ಲಿತ್ತು.

ಅರ್ಧ ಕಮಾನಿನ ಪರೀಕ್ಷೆ

ಈಗ ಯಾವುದು ಎಷ್ಟು ಅಂತ ತಿಳಿಯಬೇಕಿತ್ತು. ಬಿಸಿಲೇ ಮುಖ್ಯವಾದರೆ ಬಳ್ಳಿಯನ್ನು ಮೇಲಕ್ಕೆ ಒಯ್ಯಬೇಕು, ಅದಕ್ಕೆ ಖರ್ಚಿದೆ. ಕತ್ತರಿಯೇ ಮುಖ್ಯವಾದರೆ ಕಡಿಯುವ ತಿಂಗಳು ಬದಲಿಸಿದರೆ ಸಾಕು, ಖರ್ಚಿಲ್ಲ.

ಕಂಬ ಇರುವುದು ಬಲಗಡೆ. 2023ರ ಏಪ್ರಿಲ್ ಕೊನೆಗೆ ಲೈನ್‌ಮನ್ ಬಂದಾಗ ನಾನೂ ಹೋಗಿ ನಿಂತೆ. ಬಲ ಅರ್ಧವನ್ನು ಪೂರ್ತಿ ಕಡಿಸಿದೆವು, ಎಡ ಅರ್ಧವನ್ನು ಮುಟ್ಟಲಿಲ್ಲ. ಮಾಲಿಗೆ ಈ ಸಲ ದಸರಾ ಕಟಾವು ಕೂಡ ಬಲಗಡೆ ಮಾತ್ರ ಅಂತ ಹೇಳಿದೆವು. ಅವನಿಗೆ ಅದು ಸರಿ ಬರಲಿಲ್ಲ. "ಅರ್ಧ ಗಡ್ಡ ಬೋಳಿಸಿದಂಗೆ ಕಾಣ್ತದೆ ಸಾರ್" ಅಂದ. ಕಾಣುತ್ತಿದ್ದದ್ದೂ ಹಾಗೇ. ಮೂರು ತಿಂಗಳು ಗಲ್ಲಿಯವರೆಲ್ಲ ಕೇಳಿದರು.

ಯಜಮಾನರು ಪ್ರತಿ ಭಾನುವಾರ ಗೊಂಚಲು ಎಣಿಸಿದರು. ಸೆಪ್ಟೆಂಬರ್ ಕೊನೆಗೆ ಲೆಕ್ಕ: ಬಲ ಅರ್ಧ ಸೊನ್ನೆ, ಎಡ ಅರ್ಧ 9, ಟ್ಯಾಂಕಿನ ಹಿಂದಿನ ಒಂದೇ ಕೊಂಬೆ 41.

ಈ ಲೆಕ್ಕವನ್ನು ಅತಿಯಾಗಿ ನಂಬಬಾರದು. ಒಂದೇ ಗಿಡ, ಒಂದೇ ವರ್ಷ. ಎಡಗಡೆಗೆ ಬಿಸಿಲು ಇಪ್ಪತ್ತು ನಿಮಿಷ ಜಾಸ್ತಿ ಬೀಳುತ್ತಿತ್ತು ಎಂಬುದೂ ಆಮೇಲೆ ಗೊತ್ತಾಯಿತು. ಆದರೂ ಸೊನ್ನೆಗೂ ಒಂಬತ್ತಕ್ಕೂ ಇರುವ ಅಂತರ ಇಪ್ಪತ್ತು ನಿಮಿಷದ ಬಿಸಿಲಿನದಲ್ಲ. ಕತ್ತರಿ ಹೂವನ್ನು ಪೂರ್ತಿ ನಿಲ್ಲಿಸಿತ್ತು. ನೆರಳು ಹೂವನ್ನು ಕಡಿಮೆ ಮಾಡುತ್ತಿತ್ತು, ನಿಲ್ಲಿಸುತ್ತಿರಲಿಲ್ಲ. ನಾನು ಮೊದಲ ದಿನ ಹೇಳಿದ್ದು ಅರ್ಧ ಸತ್ಯ. ಅರ್ಧ ಸತ್ಯ ಹೇಳಿದವನು ಪೂರ್ತಿ ಸರಿ ಅಂದುಕೊಂಡೇ ಓಡಾಡುತ್ತಾನೆ, ಅದೇ ತೊಂದರೆ.

ಕಾಲು ನೆರಳಲ್ಲಿ, ತಲೆ ಬಿಸಿಲಲ್ಲಿ

ಒಂಬತ್ತು ಗೊಂಚಲಿಗೆ ಟೀಚರಮ್ಮ ಒಪ್ಪಲಿಲ್ಲ. ಗೇಟಿನ ಹತ್ತಿರವೇ ಬೇಕು ಎಂಬ ಹಟವನ್ನು ಮಾತ್ರ ಬಿಟ್ಟರು. ಇನ್ನೊಂದು ಮರಿ ಮಾಡಿ ಕುಂಡದಲ್ಲಿ ಇಡುವುದೋ, ಹದಿಮೂರು ವರ್ಷದ ಬೇರನ್ನೇ ಬಳಸಿಕೊಳ್ಳುವುದೋ? ಆ ತಪ್ಪಿಸಿಕೊಂಡ ಕೊಂಬೆ ದಾರಿ ತೋರಿಸಿಯಾಗಿತ್ತು. ಬೇರು ಕೆಳಗೆ ನೆಲದಲ್ಲಿ ತಂಪಾಗಿರಲಿ, ಕಾಂಡ ಗೋಡೆ ಪಕ್ಕ ಬರಿದಾಗಿ ಮೇಲಕ್ಕೆ ಹೋಗಲಿ, ಹಬ್ಬುವುದೆಲ್ಲ ತಾರಸಿಯ ಮೇಲೆ.

ಯಜಮಾನರಿಗೆ ಗೋಡೆ ಬಿರುಕು ಬಿಡುತ್ತದೆ ಎಂಬ ಭಯ. ಅಂಟುವ ಬೇರು ಇಲ್ಲದ್ದರಿಂದ ಆಲ, ಅರಳಿ ಹಾಗೆ ಗಾರೆಯೊಳಗೆ ಇಳಿಯುವುದಿಲ್ಲ ಅಂತ ಕೊಂಬೆ ಎತ್ತಿ ತೋರಿಸಿದೆ. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಎರಡು ಜಿಐ ತಂತಿ ಬಿಗಿದು, ತಾರಸಿಯಲ್ಲಿ ಎಂಟು ಅಡಿಗೆ ಹತ್ತು ಅಡಿಯ ಪೈಪ್ ಚಪ್ಪರ ಹಾಕಿಸಿದರು. 7,800 ರೂಪಾಯಿ ಆಯಿತು. ಶೀಟ್ ಹಾಕಿಸಿದ್ದರೆ ಅದಕ್ಕಿಂತ ಜಾಸ್ತಿ ಆಗುತ್ತಿತ್ತು ಅಂತ ಟೀಚರಮ್ಮ ಇವತ್ತಿಗೂ ಹೇಳುತ್ತಾರೆ.

ಡಿಸೆಂಬರ್‌ನಲ್ಲಿ ಹೂ ಪೂರ್ತಿ ನಿಂತ ಮೇಲೆ ಕೆಲಸ ಶುರು ಮಾಡಿದೆವು. ಬುಡದಲ್ಲಿ ಹನ್ನೊಂದು ಕಾಂಡಗಳಿದ್ದವು. ನೆಟ್ಟಗಿರುವ ಮೂರನ್ನು ಉಳಿಸಿ ಉಳಿದದ್ದನ್ನು ನೆಲಮಟ್ಟಕ್ಕೆ ಕಡಿದೆವು. ಮೂರನ್ನೂ ತಂತಿಗೆ ಹಳೇ ಸೀರೆ ಅಂಚಿನಿಂದ ಸಡಿಲವಾಗಿ ಕಟ್ಟಿದೆವು. ತಾರಸಿಯ ಮೇಲಿನ ಹಳೇ ಕೊಂಬೆಯನ್ನು ಜನವರಿಯಲ್ಲಿ ಅರ್ಧಕ್ಕೆ ಸವರಬೇಕಿತ್ತು.

ಅಲ್ಲಿ ಕೆಲಸ ನಿಂತಿತು. ಮಾಲಿ ಕತ್ತರಿ ಹಾಕುವಾಗ ಎಲೆಗಳ ಒಳಗೆ ಅಂಗೈಯಗಲದ ಗೂಡು ಸಿಕ್ಕಿತು. ಪಿಕಳಾರದ್ದು. ಎರಡು ಮೊಟ್ಟೆ, ಗುಲಾಬಿ ಬಣ್ಣದ ಮೇಲೆ ಕೆಂಗಂದು ಚುಕ್ಕಿ. ಪಿಕಳಾರ ಕಾವು ಕೂರುವುದು ಹನ್ನೆರಡು ಹದಿಮೂರು ದಿನ, ಮರಿ ಹಾರಲು ಹೆಚ್ಚುಕಡಿಮೆ ಅಷ್ಟೇ ದಿನ. ಒಂದು ತಿಂಗಳು ಕಾಯೋಣ ಅಂದೆ. ನನಗೆ ಒಳಗೊಳಗೇ ಅಳುಕು, ಫೆಬ್ರವರಿ ದಾಟಿದರೆ ಹೊಸ ಕುಡಿ ತಡವಾಗುತ್ತದೆ. ಟೀಚರಮ್ಮ ಮಾತ್ರ, "ಇಷ್ಟು ವರ್ಷ ಕಾದಿದ್ದೀನಿ, ಒಂದು ತಿಂಗಳು ಏನು ದೊಡ್ಡದು" ಅಂದರು. ಮರಿ ಹಾರಿದ ಮೇಲೆ, ಫೆಬ್ರವರಿ ಎರಡನೇ ವಾರ ಸವರಿದೆವು.

ಬುಡಕ್ಕೆ ಎರಡು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಒಲೆಯ ಬೂದಿ ಎರಡು ಹಿಡಿ. ವರ್ಷಕ್ಕೆ ಅಷ್ಟೇ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಪಾತಿ ತುಂಬ ನೀರು.

2024

ಸವರಿದ ಹನ್ನೊಂದನೇ ವಾರಕ್ಕೆ ಮೊದಲ ಮೊಗ್ಗು. ಮೇ ತಿಂಗಳಲ್ಲಿ ಹೂ ಶುರುವಾಯಿತು. ಯಜಮಾನರು ಜುಲೈ ತನಕ ಗೊಂಚಲು ಎಣಿಸಿದರು. 200 ದಾಟಿದ ಮೇಲೆ ಡೈರಿಯಲ್ಲಿ "ಎಣಿಸುವುದು ನಿಲ್ಲಿಸಲಾಗಿದೆ" ಎಂದು ಬರೆದು ಗೆರೆ ಎಳೆದಿದ್ದಾರೆ. ಲೈನ್‌ಮನ್‌ಗೆ ಈಗ ಈ ಮನೆಯಲ್ಲಿ ಕೆಲಸವಿಲ್ಲ, ತಂತಿ ಹತ್ತಿರ ಬಳ್ಳಿಯೇ ಇಲ್ಲ.

ಎಲ್ಲವೂ ಸುಸೂತ್ರ ಅಂತ ಅಲ್ಲ. ಆಗಸ್ಟ್ ಮಳೆಯಲ್ಲಿ ಉದುರಿದ ಹೂವು, ಎಲೆ ತಾರಸಿಯ ನೀರು ಹೋಗುವ ತೂತಿಗೆ ಕಟ್ಟಿಕೊಂಡು ಪಾದ ಮುಳುಗುವಷ್ಟು ನೀರು ನಿಂತಿತ್ತು. ಈಗ ತೂತಿಗೆ ಜಾಲರಿ ಇದೆ, ವಾರಕ್ಕೊಮ್ಮೆ ಗುಡಿಸಬೇಕು. ಎಂಟು ಕಾಂಡ ಕಡಿದ ಸಿಟ್ಟಿಗೆ ಬೇರಿನಿಂದ ಮರಿಗಳು ಏಳುತ್ತಿವೆ. ಪಾತಿಯಲ್ಲಿ ಎದ್ದರೆ ಪರವಾಗಿಲ್ಲ, ಎರಡು ಮರಿ ಪಕ್ಕದ ಮನೆಯ ಚರಂಡಿ ಅಂಚಿನಲ್ಲಿ ಎದ್ದಿದ್ದವು. ಹಾವಿನ ಮಾತು ಮತ್ತೆ ಬಂತು. ಕತ್ತರಿಸಿದರೆ ಮತ್ತೆ ಬರುತ್ತವೆ, ಸಣ್ಣದಿರುವಾಗಲೇ ಬುಡ ಸಮೇತ ಕೀಳಬೇಕು. ಈ ಬಳ್ಳಿ ನೆಡುವವರಿಗೆ ನಾನು ಈಗ ಇದನ್ನು ಮೊದಲೇ ಹೇಳುತ್ತೇನೆ. ಮುಂಚೆ ಹೇಳುತ್ತಿರಲಿಲ್ಲ.

ನನ್ನ ಕೆಲಸದಲ್ಲಿ ಬದಲಾದದ್ದು ಇನ್ನೂ ಒಂದಿದೆ. ಹೂ ಬಿಡುತ್ತಿಲ್ಲ ಅಂತ ಯಾರಾದರೂ ಬಂದರೆ ಗೊಬ್ಬರ, ನೀರು ಕೇಳುವ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಕತ್ತರಿ ಹಾಕುವುದು ಯಾವ ತಿಂಗಳು? ಇಡೀ ಗಿಡದಲ್ಲಿ ಎಲ್ಲಾದರೂ, ಪಕ್ಕದವರ ಕಾಂಪೌಂಡಿನ ಮೇಲಾದರೂ ಸರಿ, ಒಂದು ಹೂ ಬಿಟ್ಟಿದೆಯಾ? ಮೊದಲನೆಯದಕ್ಕೆ "ಮಾಲಿಯನ್ನು ಕೇಳಬೇಕು" ಅಂತಾರೆ. ಎರಡನೆಯದಕ್ಕೆ ಸಾಮಾನ್ಯವಾಗಿ "ನೋಡಿಲ್ಲ" ಅಂತಾರೆ. ನೋಡಿ ಬನ್ನಿ ಅಂತ ಕಳಿಸುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದ ತನಕ ಬಿಟ್ಟು ಬೇರೆ ಯಾವಾಗ ಸವರಿದರೂ ಹೂವು ಹೋಗುತ್ತೆ ಅಂತ ಬರೆದ ಚೀಟಿಯೊಂದನ್ನು ಪ್ರತಿ ಸಸಿಯ ಕವರಿಗೂ ಸಿಕ್ಕಿಸುತ್ತಿದ್ದೇನೆ. ಮೈಸೂರು, ಬೆಂಗಳೂರು ಕಡೆಯ ಹವೆಗೆ ಅದು ಸರಿ. ಕರಾವಳಿಯವರು ತಮ್ಮಲ್ಲಿ ಹೂ ನಿಲ್ಲುವ ಸಮಯ ನೋಡಿಕೊಂಡು ಮಾಡಬೇಕು.

ಕಮಾನು ಈಗ ಬರಿದಾಗಿದೆ. ಟೀಚರಮ್ಮ ಸಂಜೆ ದೀಪ ಹಚ್ಚಿ ಗೇಟಿಗೆ ಬರುವ ಬದಲು ಮೆಟ್ಟಿಲು ಹತ್ತಿ ತಾರಸಿಗೆ ಹೋಗಬೇಕು. ಮೊಣಕಾಲಿಗೆ ಅದು ಕಷ್ಟ, ವಾರಕ್ಕೆ ಮೂರು ದಿನ ಹೋಗುತ್ತಾರಂತೆ. ಉಳಿದ ದಿನ ಯಜಮಾನರು ಒಂದು ಗೊಂಚಲು ಕಿತ್ತು ತಂದು ಲೋಟದ ನೀರಿನಲ್ಲಿ ಇಡುತ್ತಾರೆ. ಬರುವ ಡಿಸೆಂಬರ್‌ನಲ್ಲಿ ಚಪ್ಪರ ಹತ್ತಿ ಸವರುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಾಲಿಯ ಕೈಗೆ ಮತ್ತೆ ಕತ್ತರಿ ಕೊಡಲು ಟೀಚರಮ್ಮ ಒಪ್ಪುತ್ತಿಲ್ಲ.